ರಾತ್ರಿ ಯಾರದು?

ಫೆಬ್ರವರಿ ತಿಂಗಳ ಒಂದು ಬೆಳಗಿನ ಜಾವ. ಇನ್ನೂ ಆರು ಗಂಟೆ ಆಗಿರಲಿಲ್ಲ. ಗೇಟಿನ ಹೊರಗಿನಿಂದ ನಮ್ಮ ನೆರೆಯ ಮೀನುಗಾರರೊಬ್ಬರು ಕೂಗಿದರು. ನಮ್ಮ ಮನೆಗೂ ಕಡಲಿಗೂ ನಡುವಿನ ದಾರಿಯಲ್ಲಿ ದಿನವೂ ಬಲೆ ಹೊತ್ತು ಹೋಗುವವರು ಅವರು. ಅವರ ಇಬ್ಬರು ಮಕ್ಕಳೂ ನನ್ನ ಶಾಲೆಯಲ್ಲಿ ಕಲಿತವರು. "ಮಾಸ್ಟ್ರೇ, ಒಮ್ಮೆ ಹೊರಗೆ ಬನ್ನಿ" ಎಂದರು. ಕೈಯಲ್ಲಿ ಮೀನಿನ ಬಕೆಟು ಇತ್ತು. ಮೀನು ಕೊಡಲು ಬಂದಿರಬೇಕೆಂದು ನಾನು ಒಳಗಿನಿಂದ ಪಾತ್ರೆ ಹಿಡಿದುಕೊಂಡೇ ಹೋದೆ.

ಬಕೆಟಿನ ತಳದಲ್ಲಿ ಒದ್ದೆ ಮರಳು. ಮರಳಿನ ಮೇಲೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಕಪ್ಪು ಕಡಲಾಮೆ ಮರಿಗಳು, ಒಂದರ ಮೇಲೊಂದು ತೆವಳುತ್ತಿದ್ದವು. ಎಣಿಸಿದೆವು, ಹದಿನೇಳು. ನಮ್ಮ ಹಿಂದಿನ ಪಾಗಾರದ ಬುಡದಲ್ಲಿ ಇನ್ನಷ್ಟು ಇದ್ದವು. ಅವನ್ನು ಕಾಗೆಗಳು ಆಗಲೇ ಮುಗಿಸಿದ್ದವು. ಚರಂಡಿಯಲ್ಲಿ ಬಿದ್ದು ಸತ್ತವು ಬೇರೆ. ಆ ಮನುಷ್ಯ ಸಿಟ್ಟು ಮಾಡಲಿಲ್ಲ. ಪಾಗಾರದ ಮೇಲೆ ಇನ್ನೂ ಉರಿಯುತ್ತಿದ್ದ ದೀಪವನ್ನು ಗಲ್ಲ ಎತ್ತಿ ತೋರಿಸಿ, "ಅದಕ್ಕೆ ಬಂದದ್ದು ಮಾಸ್ಟ್ರೇ. ಅದೇ ಕಡಲು ಅಂತ ಮಾಡಿಕೊಂಡಿದಾವೆ ಪಾಪ" ಎಂದರು. ಅರಣ್ಯ ಇಲಾಖೆಯವರಿಗೆ ಫೋನು ಮಾಡಿದೆವು. ಬಿಸಿಲೇರುವ ಮೊದಲು ನೀರಿನ ಹತ್ತಿರ ಒದ್ದೆ ಮರಳಿನಲ್ಲಿ ಬಿಡಿ, ತಾವೇ ನಡೆದು ಹೋಗಲಿ ಎಂದರು. ಹಾಗೆಯೇ ಮಾಡಿದೆವು. ಅಲೆ ಬಂದು ಒಂದೊಂದನ್ನೇ ಎತ್ತಿಕೊಂಡು ಹೋಯಿತು.

ಆ ದೀಪದ ಕಥೆಯನ್ನೂ ಹೇಳಬೇಕು. ಅದಕ್ಕೆ ಎರಡು ವರ್ಷ ಮೊದಲು ನಮ್ಮ ಓಣಿಯಲ್ಲೊಂದು ಮನೆಗೆ ಕಳ್ಳರು ನುಗ್ಗಿದ್ದರು. ಹೋದದ್ದು ಹೆಚ್ಚೇನಲ್ಲ, ಎರಡು ತಾಮ್ರದ ಹಂಡೆ, ಒಂದು ಮೊಬೈಲು, ಸ್ವಲ್ಪ ಹಣ. ಆದರೆ ಆ ಮನೆಯಲ್ಲಿ ಒಬ್ಬರೇ ಇದ್ದ ವಿಧವೆ ತಾಯಿ ಹೆದರಿ ಮಗಳ ಊರಿಗೆ ಹೋದವರು ಹಿಂತಿರುಗಲೇ ಇಲ್ಲ. ನಮ್ಮ ಮಕ್ಕಳಿಬ್ಬರೂ ಗಲ್ಫಿನಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಇಬ್ಬರೇ. "ಅಪ್ಪ, ಹಿಂದುಗಡೆ ಒಂದು ಒಳ್ಳೆ ಲೈಟು ಹಾಕಿಸಿ" ಎಂದು ಮಗ ಹಣ ಕಳಿಸಿದ. 50 ವಾಟ್‌ನ ಎಲ್‌ಇಡಿ ಫ್ಲಡ್‌ಲೈಟು ಬಂತು. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಉರಿಸಿದರೂ ತಿಂಗಳಿಗೆ 18 ಯೂನಿಟ್ಟು. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲಂತೂ ನಮ್ಮ ಬಿಲ್ಲೇ ಶೂನ್ಯವಾಯಿತು. ಸೀಮೆಎಣ್ಣೆಗೆ ಸಾಲು ನಿಂತ ಕಾಲದಲ್ಲಿ ಲಾಟೀನಿನ ಬತ್ತಿಯನ್ನು ಎಷ್ಟು ಏರಿಸಬೇಕೆಂದು ನನ್ನ ತಾಯಿ ಪ್ರತಿ ಸಂಜೆ ಯೋಚಿಸುತ್ತಿದ್ದರು. ನಾನು ಒಂದು ದಿನವೂ ಯೋಚಿಸಿರಲಿಲ್ಲ. ಅಗ್ಗವಾದದ್ದರ ಬಗ್ಗೆ ಯಾರು ಯೋಚಿಸುತ್ತಾರೆ?

ಈಗ ಓದುಗರು ಕೇಳಬಹುದು: ಒಬ್ಬ ಮುದುಕ ತನ್ನ ಮನೆಯ ಹಿಂದೆ ದೀಪ ಹಚ್ಚಿದ್ದರಲ್ಲಿ ಧರ್ಮ ಅಧರ್ಮದ ಪ್ರಶ್ನೆ ಎಲ್ಲಿಂದ ಬಂತು? ಅಂದು ನಾನೂ ನನ್ನನ್ನು ಅದನ್ನೇ ಕೇಳಿಕೊಂಡೆ. ಯಾರನ್ನೂ ಹೊಡೆಯಲಿಲ್ಲ, ಯಾರದ್ದನ್ನೂ ಕದಿಯಲಿಲ್ಲ. ಹಾಗಿದ್ದರೂ ಪಾಗಾರದ ಬುಡದಲ್ಲಿ ಬಿದ್ದಿದ್ದ ಆ ಸಣ್ಣ ಚಿಪ್ಪುಗಳನ್ನು ಗುಡಿಸುವಾಗ ಕೈ ನಡುಗಿತು.

ಕಡಲಾಮೆಯ ವಿಷಯ ತಿಳಿದವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ಕರಾವಳಿಗೆ ಬರುವವು ಹೆಚ್ಚಾಗಿ ಆಲಿವ್ ರಿಡ್ಲೆ ಎಂಬ ಜಾತಿಯವು. ಒಡಿಶಾದ ಗಹಿರ್‌ಮಾಥಾ, ಋಷಿಕುಲ್ಯಾ ತೀರಗಳಲ್ಲಿ ಅವು ಸಾವಿರಗಟ್ಟಲೆ ಒಟ್ಟಿಗೆ ಬಂದು ಮೊಟ್ಟೆಯಿಡುತ್ತವೆ. ಕಾರವಾರದ ದೇವಬಾಗ, ಹೊನ್ನಾವರದ ಕಾಸರಕೋಡು, ಕುಂದಾಪುರದ ಕೋಡಿ ಮುಂತಾದ ನಮ್ಮ ತೀರಗಳಿಗೆ ಬರುವುದು ಒಂಟಿಯಾಗಿ. ತಾಯಿ ಆಮೆ ರಾತ್ರಿ ಮರಳೇರಿ ಬಂದು, ಹಿಂಗಾಲಿನಲ್ಲಿ ಗುಂಡಿ ತೋಡಿ, ನೂರರ ಆಸುಪಾಸು ಮೊಟ್ಟೆಯಿಟ್ಟು, ಮರಳು ಮುಚ್ಚಿ ಹೊರಟುಹೋಗುತ್ತದೆ. ಮತ್ತೆ ತಿರುಗಿ ನೋಡುವುದಿಲ್ಲ. ಸುಮಾರು 45ರಿಂದ 60 ದಿನಗಳ ಮೇಲೆ ಮರಿಗಳು ಮೇಲೆ ಬರುತ್ತವೆ, ಅದೂ ಮರಳು ತಣಿದ ರಾತ್ರಿ ಹೊತ್ತಿನಲ್ಲಿ. ದಾರಿ ತೋರಿಸಲು ತಾಯಿ ಇಲ್ಲ. ಅವುಗಳಿಗೆ ಹುಟ್ಟಿನಿಂದಲೇ ಬಂದ ಒಂದು ತಿಳಿವಳಿಕೆ ಇದೆ: ಕಪ್ಪಾಗಿ ಎತ್ತರವಾಗಿ ಕಾಣುವ ಕಡೆಗೆ ಬೆನ್ನು ಮಾಡು, ತಗ್ಗಾಗಿ ಬೆಳ್ಳಗೆ ಕಾಣುವ ಕಡೆಗೆ ಹೋಗು. ಲಕ್ಷಾಂತರ ವರ್ಷಗಳಿಂದ ಆ ಬೆಳ್ಳಗಿನ ಕಡೆ ಎಂದರೆ ನಕ್ಷತ್ರ ಚಂದ್ರರ ಬೆಳಕು ಬಿದ್ದ ಕಡಲೇ. ಕಪ್ಪು ಎಂದರೆ ದಡದ ಗಾಳಿಮರಗಳು. ಆ ಲೆಕ್ಕ ತಪ್ಪಲು ಒಂದು ದೀಪ ಸಾಕು. ಮೊಟ್ಟೆಯಿಂದ ಹೊರಟ ಸಾವಿರ ಮರಿಗಳಲ್ಲಿ ಒಂದು ದೊಡ್ಡದಾದರೆ ಹೆಚ್ಚು ಎನ್ನುತ್ತಾರೆ. ಆ ಒಂದು ಬಹುಶಃ ನಮ್ಮ ಚರಂಡಿಯಲ್ಲಿತ್ತೋ ಏನೋ.

ತಿಳಿಯದೆ ಮಾಡಿದ್ದು ಪಾಪವಲ್ಲ ಎಂದು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಪಾಪವಾಗಬೇಕಾದರೆ ಅರಿವು ಬೇಕು, ಸಮ್ಮತಿ ಬೇಕು. ಅದನ್ನೇ ಹಿಡಿದುಕೊಂಡು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ಅದೇ ಪಾಠದಲ್ಲಿ ಇನ್ನೊಂದು ಮಾತೂ ಇದೆ. ತಿಳಿಯಬಹುದಾಗಿದ್ದನ್ನು ತಿಳಿಯುವ ಗೋಜಿಗೇ ಹೋಗದವನ ಅಜ್ಞಾನ ಅಷ್ಟು ನಿರ್ದೋಷವಲ್ಲ. ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನು. ಪತಂಗ ದೀಪಕ್ಕೆ ಬರುವುದನ್ನು ಮಕ್ಕಳಿಗೆ ವಿವರಿಸಿದವನು. ಬೇಲೆಯಲ್ಲಿ ಆಮೆಯ ಹೆಜ್ಜೆ ಬಿದ್ದದ್ದನ್ನು ಎಷ್ಟೋ ಸಲ ನೋಡಿದವನು. ಎರಡನ್ನೂ ಕೂಡಿಸಲು ನನಗೇನೂ ದೊಡ್ಡ ವಿದ್ಯೆ ಬೇಕಿರಲಿಲ್ಲ. ಅದು ಹಾಗಿರಲಿ, ನಿನ್ನೆಯ ಮಟ್ಟಿಗೆ ಕ್ಷಮೆ ಇದೆಯೆನ್ನೋಣ. ಆದರೆ ಬಕೆಟು ನೋಡಿದ ಮೇಲೆ ಅಂದಿನ ಸಂಜೆ ಆರು ಗಂಟೆಗೆ ಅದೇ ಸ್ವಿಚ್ಚಿನ ಮೇಲೆ ಬೆರಳಿಡುವಾಗ? ಸ್ವಿಚ್ಚು ಅದೇ, ಬೆರಳು ಅದೇ, ಮಾಡುವ ಕೆಲಸ ಮಾತ್ರ ಬೇರೆಯಾಗಿಬಿಟ್ಟಿತ್ತು.

ಮನೆಯೊಳಗೆ ಇದು ಸುಲಭವಾಗಿ ಬಗೆಹರಿಯಲಿಲ್ಲ. "ಇವತ್ತು ದೀಪ ಬೇಡ" ಎಂದೆ. ನನ್ನ ಹೆಂಡತಿ ಊಟದ ತಟ್ಟೆ ಇಟ್ಟು ನಿಂತುಬಿಟ್ಟಳು. "ಆಮೆಗೆ ಕತ್ತಲೆ ಬೇಕು, ನನಗೆ ಬೆಳಕು ಬೇಕು. ಯಾರದ್ದು ಹೆಚ್ಚು, ನೀವೇ ಹೇಳಿ. ರಾತ್ರಿ ಬಚ್ಚಲಿಗೆ ಹೋಗುವವಳು ನಾನು" ಎಂದಳು. ನಾನು ಉತ್ತರಿಸಲಿಲ್ಲ. ಗಂಡಸರು ಕತ್ತಲೆಯ ಸೌಂದರ್ಯದ ಬಗ್ಗೆ ಮಾತಾಡುವುದು ಸುಲಭ. ಬಸ್ಸಿಳಿದು ಒಂಟಿಯಾಗಿ ಮನೆಗೆ ನಡೆಯುವ ಹುಡುಗಿಗೆ ಬೀದಿದೀಪ ಎಂದರೆ ಏನು ಎಂಬುದನ್ನು ಆ ಹುಡುಗಿಯೇ ಹೇಳಬೇಕು. ಹಾಗೆಯೇ ಕತ್ತಲೆ ಬೇಕು ಎನ್ನುವುದು ಬೆಳಕು ಇರುವವನ ಮಾತು. ನಾನು ಕಲಿತದ್ದು ಚಿಮಣಿ ದೀಪದ ಮುಂದೆ, ಕಣ್ಣಿಗೆ ಹೊಗೆ ತಿನ್ನಿಸಿಕೊಂಡು. ಬಲ್ಬು ಬಂದ ದಿನ ನಮ್ಮ ತಂದೆ ಶಿಲುಬೆಯ ಗುರುತು ಹಾಕಿ ಸ್ವಿಚ್ಚು ಒತ್ತಿದ್ದು ನೆನಪಿದೆ. ಆ ಬೆಳಕು ದೇವರ ದಾನವೇ. ಅದನ್ನು ತಳ್ಳಿಹಾಕಿ ಹಿಂದಿನ ಕಾಲವನ್ನು ಹೊಗಳುವವರ ಸಾಲಿಗೆ ನಾನು ಸೇರುವುದಿಲ್ಲ.

ಆದರೂ ಅವಳ ಪ್ರಶ್ನೆಯಲ್ಲಿ ಒಂದು ಮಾತು ನನ್ನ ಮನಸ್ಸನ್ನು ಹಿಡಿಯಿತು. ಯಾರದ್ದು ಹೆಚ್ಚು? ಹೀಗೆ ಕೇಳುವಾಗಲೇ ಆಮೆಗೂ ಏನೋ ಒಂದು ಪಾಲಿದೆ ಎಂದು ಒಪ್ಪಿದಂತಾಯಿತಲ್ಲ. ರಾತ್ರಿ ಯಾರದು ಎಂಬುದನ್ನು ನಾವು ಎಂದಾದರೂ ಕೇಳಿಕೊಂಡಿದ್ದೇವೆಯೇ?

ನಮ್ಮ ಪ್ರಾರ್ಥನೆಗಳಲ್ಲಿ ಕತ್ತಲೆ ಎಂದರೆ ಪಾಪ, ಬೆಳಕು ಎಂದರೆ ಪ್ರಭು. ಆ ಹೋಲಿಕೆ ಸರಿಯೇ, ಅದರಿಂದ ಎಷ್ಟೋ ಮನಸ್ಸುಗಳು ಸಾಂತ್ವನ ಪಡೆದಿವೆ. ಆದರೆ ಹೋಲಿಕೆಯನ್ನು ಹೋಲಿಕೆಯಾಗಿಯೇ ಇಟ್ಟುಕೊಳ್ಳಬೇಕು. ಅಂಗಳದ ಕತ್ತಲೆಗೂ ಪಾಪಕ್ಕೂ ಸಂಬಂಧವಿಲ್ಲ. ಆದಿಕಾಂಡದ ಮೊದಲ ಅಧ್ಯಾಯ ತೆಗೆದು ನೋಡಿ. ದೇವರು ಬೆಳಕನ್ನು ಉಂಟುಮಾಡಿದ ಮೇಲೆ ಕತ್ತಲೆಯನ್ನು ಅಳಿಸಿಹಾಕಲಿಲ್ಲ. ಎರಡನ್ನೂ ಬೇರೆ ಬೇರೆ ಮಾಡಿ, ಕತ್ತಲೆಗೆ ಒಂದು ಹೆಸರಿಟ್ಟರು. ಹೆಸರಿಡುವುದೆಂದರೆ ತನ್ನದೆಂದು ಒಪ್ಪಿಕೊಳ್ಳುವುದು. ಮನೆಯಲ್ಲಿ ಮಗು ಹುಟ್ಟಿದರೆ ನಾವು ಮಾಡುವುದೂ ಅದನ್ನೇ. ಆಮೇಲೆ ನಾಲ್ಕನೆಯ ದಿನ ಆ ರಾತ್ರಿಯನ್ನು ಆಳಲು ಒಂದು ಚಿಕ್ಕ ಬೆಳಕನ್ನು ನೇಮಿಸಿದರು. ಚಿಕ್ಕದು ಎಂಬುದನ್ನು ಗಮನಿಸಬೇಕು.

ಇದಕ್ಕಿಂತ ಸ್ಪಷ್ಟವಾಗಿ 104ನೆಯ ಕೀರ್ತನೆ ಹೇಳುತ್ತದೆ. ಅಲ್ಲಿ ಕೀರ್ತನೆಕಾರ ದಿನವನ್ನು ಎರಡು ಪಾಳಿಯಾಗಿ ಹಂಚಿದ್ದಾನೆ. ಕತ್ತಲಾದೊಡನೆ ಕಾಡಿನ ಪ್ರಾಣಿಗಳು ಹೊರಡುತ್ತವೆ; ಸಿಂಹದ ಮರಿಗಳು ಗರ್ಜಿಸಿ ದೇವರಿಂದ ತಮ್ಮ ಆಹಾರ ಕೇಳುತ್ತವೆ. ಸೂರ್ಯ ಮೂಡಿದಾಗ ಅವು ಗುಹೆಗಳಿಗೆ ಮರಳುತ್ತವೆ, ಆಗ ಮನುಷ್ಯ ತನ್ನ ದುಡಿಮೆಗೆ ಹೊರಡುತ್ತಾನೆ, ಸಂಜೆಯವರೆಗೆ ಮಾತ್ರ. ಒಂದೇ ಭೂಮಿ, ಎರಡು ಒಕ್ಕಲು. ಗದ್ದೆಗೆ ನೀರು ಬಿಡುವಾಗ ನಮ್ಮ ಹಿರಿಯರು ಮಾಡಿಕೊಂಡಿದ್ದ ಸರದಿಯಂತೆ. ಹಗಲಿನ ಸರದಿ ನಮ್ಮದು, ರಾತ್ರಿಯದು ಅವರದು. ಈಗ ನಾವು ಎರಡು ಸರದಿಯ ನೀರನ್ನೂ ನಮ್ಮ ಗದ್ದೆಗೇ ತಿರುಗಿಸಿಕೊಂಡಂತಾಗಿದೆ. ಬೇರೆ ಒಕ್ಕಲಿಗೆ ಬಾಯಿಲ್ಲ, ಪಂಚಾಯತಿಗೆ ಬಂದು ಕೇಳುವುದಿಲ್ಲ.

ಭೂಮಿಯ ಮೇಲೆ ದೊರೆತನ ಮಾಡಿ ಎಂದು ದೇವರೇ ಮನುಷ್ಯನಿಗೆ ಹೇಳಿಲ್ಲವೇ ಎಂದು ಕೆಲವರು ವಾದಿಸುತ್ತಾರೆ. ದಿವಂಗತ ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೋ ಸಿ' ಪತ್ರದಲ್ಲಿ ಈ ವಾದವನ್ನು ನೇರವಾಗಿ ಎತ್ತಿಕೊಂಡು, ಅದು ಮನಬಂದಂತೆ ಸೂರೆಮಾಡಲು ಕೊಟ್ಟ ಅಪ್ಪಣೆಯಲ್ಲವೆಂದು ತಿಳಿಸಿದ್ದಾರೆ. ಪ್ರತಿ ಜೀವಿಗೂ ನಮ್ಮ ಉಪಯೋಗವನ್ನು ಮೀರಿ ದೇವರ ಮುಂದೆ ತನ್ನದೇ ಬೆಲೆಯಿದೆ ಎಂದಿದ್ದಾರೆ. ಆ ಪತ್ರದ ಹೆಸರು ಅಸ್ಸಿಸಿಯ ಸಂತ ಫ್ರಾನ್ಸಿಸರ ಸ್ತುತಿಗೀತೆಯಿಂದ ಬಂದದ್ದು. ಸಂತರು ಆ ಗೀತೆಯಲ್ಲಿ ಸೂರ್ಯನನ್ನು ಸಹೋದರನೆಂದೂ ಚಂದ್ರ ನಕ್ಷತ್ರಗಳನ್ನು ಸಹೋದರಿಯರೆಂದೂ ಕರೆದಿದ್ದಾರೆ. ಕಣ್ಣಿಗೆ ಕಾಣದ ಸಹೋದರಿಯರನ್ನು ಎಷ್ಟು ದಿನ ನೆನಪಿಟ್ಟುಕೊಂಡಿರಲು ಸಾಧ್ಯ?

ಯಾಕೆಂದರೆ ಅವೂ ಕಾಣದಂತಾಗುತ್ತಿವೆ. ನಮ್ಮ ಬಾಲ್ಯದಲ್ಲಿ ಕ್ರಿಸ್ತಜಯಂತಿಯ ಮಧ್ಯರಾತ್ರಿಯ ಬಲಿಪೂಜೆ ಮುಗಿಸಿ ತೆಂಗಿನ ಮಡಲಿನ ಸೂಡಿ ಬೀಸುತ್ತ ಗದ್ದೆಯಂಚಿನಲ್ಲಿ ಮನೆಗೆ ಬರುತ್ತಿದ್ದೆವು. ಸೂಡಿ ಆರಿದಾಗ ಅಜ್ಜಿ ಬೈಯುತ್ತಿರಲಿಲ್ಲ. "ಮೇಲೆ ನೋಡಿ ಮಕ್ಕಳೇ" ಎನ್ನುತ್ತಿದ್ದರು. ಕೃತ್ತಿಕೆಯ ಗೊಂಚಲನ್ನು ನನಗೆ ಮೊದಲು ತೋರಿಸಿದ್ದು ಅವರೇ. ಈಗ ಅದೇ ದಾರಿಯಲ್ಲಿ ಹೈಮಾಸ್ಟ್ ದೀಪ ಇದೆ. 2016ರಲ್ಲಿ ವಿಜ್ಞಾನಿಗಳು ಜಗತ್ತಿನ ರಾತ್ರಿಯ ಆಕಾಶದ ನಕ್ಷೆಯೊಂದನ್ನು ಪ್ರಕಟಿಸಿದರು. ಅದರ ಪ್ರಕಾರ ಜಗತ್ತಿನ ಜನರಲ್ಲಿ ಶೇಕಡಾ 80ಕ್ಕಿಂತ ಹೆಚ್ಚು ಮಂದಿ ದೀಪಗಳಿಂದ ಮಸುಕಾದ ಆಕಾಶದ ಕೆಳಗೆ ಬದುಕುತ್ತಿದ್ದಾರೆ. ಮೂರರಲ್ಲೊಬ್ಬರಿಗೆ ಆಕಾಶಗಂಗೆ ಕಾಣುವುದೇ ಇಲ್ಲ. 2023ರಲ್ಲಿ ಬಂದ ಇನ್ನೊಂದು ಅಧ್ಯಯನಕ್ಕೆ ಸಾಮಾನ್ಯ ಜನರೇ ಬರಿಗಣ್ಣಿನಿಂದ ನಕ್ಷತ್ರ ನೋಡಿ ಕಳಿಸಿದ 50 ಸಾವಿರಕ್ಕೂ ಹೆಚ್ಚು ವರದಿಗಳು ಆಧಾರ, ಹೆಚ್ಚಿನವು ಯುರೋಪು ಮತ್ತು ಉತ್ತರ ಅಮೆರಿಕದವು. 2011ರಿಂದ 2022ರವರೆಗೆ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಏರಿದೆಯೆಂದು ಅದು ಲೆಕ್ಕ ಹಾಕಿತು. ಅದೇ ವೇಗದಲ್ಲಿ ಹೋದರೆ, ಹುಟ್ಟಿದಾಗ 250 ನಕ್ಷತ್ರ ಕಾಣುವ ಊರಿನ ಮಗು ಹದಿನೆಂಟು ವರ್ಷವಾಗುವ ಹೊತ್ತಿಗೆ ಕೇವಲ 100 ನಕ್ಷತ್ರ ನೋಡುತ್ತದೆ. ಪಿತಾಮಹ ಅಬ್ರಹಾಮನನ್ನು ದೇವರು ಗುಡಾರದ ಹೊರಗೆ ಕರೆದು, ಸಾಧ್ಯವಾದರೆ ನಕ್ಷತ್ರಗಳನ್ನು ಎಣಿಸು ಎಂದರಲ್ಲವೇ? ಇಂದು ಬೆಂಗಳೂರಿನ ಯಾವುದಾದರೂ ತಾರಸಿಯ ಮೇಲೆ ಅವನನ್ನು ನಿಲ್ಲಿಸಿದರೆ ಐದು ನಿಮಿಷದಲ್ಲಿ ಎಣಿಸಿ ಮುಗಿಸಿ ಒಳಗೆ ಬಂದುಬಿಟ್ಟಾನು.

ಇದು ನಗುವ ಮಾತಲ್ಲ, ನಮ್ಮ ಧರ್ಮಸಭೆಗೇ ಇದರ ಬಿಸಿ ತಟ್ಟಿದೆ. ವ್ಯಾಟಿಕನ್‌ಗೆ ತನ್ನದೇ ಖಗೋಳ ವೀಕ್ಷಣಾಲಯವಿದೆ. 1891ರಲ್ಲಿ ಜಗದ್ಗುರು ಹದಿಮೂರನೆಯ ಲಿಯೋ ಅದನ್ನು ವ್ಯಾಟಿಕನ್‌ನಲ್ಲೇ ಹೊಸದಾಗಿ ಸ್ಥಾಪಿಸಿದರು. ರೋಮಿನ ದೀಪಗಳು ಹೆಚ್ಚಾಗಿ ನಕ್ಷತ್ರ ಕಾಣದಾದಾಗ 1930ರ ದಶಕದಲ್ಲಿ ಅದು ನಗರದಿಂದಾಚೆ ಕ್ಯಾಸ್ಟೆಲ್ ಗಂಡೋಲ್ಫೊ ಬೆಟ್ಟಕ್ಕೆ ಹೋಯಿತು. ಬೆಳಕು ಅಲ್ಲಿಗೂ ಬಂತು. 1981ರಲ್ಲಿ ಅವರು ಅಮೆರಿಕದ ಅರಿಜೋನಾದಲ್ಲಿ ಇನ್ನೊಂದು ಕೇಂದ್ರ ತೆರೆದು, 1993ರಲ್ಲಿ ಅಲ್ಲಿನ ಮೌಂಟ್ ಗ್ರಹಾಂ ಬೆಟ್ಟದ ಮೇಲೆ ದೂರದರ್ಶಕ ಸ್ಥಾಪಿಸಿದರು. ನೂರು ವರ್ಷದಲ್ಲಿ ಕತ್ತಲೆಯನ್ನು ಹುಡುಕಿಕೊಂಡು ಸಮುದ್ರ ದಾಟಬೇಕಾಯಿತು. ನಮ್ಮ ದೇಶದಲ್ಲೂ ಅಷ್ಟೇ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಹೊಸಕೋಟೆಯಲ್ಲಿ ಕುಳಿತು ನಡೆಸುವ ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ. 2022ರಲ್ಲಿ ಆ ಪ್ರದೇಶವನ್ನು ಕತ್ತಲೆಯ ಆಕಾಶದ ಸಂರಕ್ಷಿತ ತಾಣವೆಂದು ಘೋಷಿಸಿದರು. ಹಳ್ಳಿಯವರನ್ನು ಎಬ್ಬಿಸಿ ಓಡಿಸಲಿಲ್ಲ, ದೀಪ ಕಿತ್ತುಕೊಳ್ಳಲಿಲ್ಲ. ದೀಪಕ್ಕೆ ಮರೆ ಕಟ್ಟಲು ಹೇಳಿದರು. ಊರಿನ ಯುವಕ ಯುವತಿಯರಿಗೆ ದೂರದರ್ಶಕ ಕೊಟ್ಟು ಬಂದವರಿಗೆ ನಕ್ಷತ್ರ ತೋರಿಸುವುದನ್ನು ಕಲಿಸಿದರು.

ದೀಪಕ್ಕೆ ಮರೆ ಕಟ್ಟುವುದು. ಇದನ್ನು ಓದಿದಾಗ ನನ್ನ ಹೆಂಡತಿಯ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ನಾವಿಬ್ಬರೂ ಒಂದು ರಾತ್ರಿ ಹಿಂದುಗಡೆ ನಿಂತು ನಿಜವಾಗಿ ನೋಡಿದೆವು. ಅವಳಿಗೆ ಬೇಕಾದದ್ದು ಬಾಗಿಲಿನಿಂದ ಬಚ್ಚಲಿನವರೆಗಿನ ಹತ್ತು ಹೆಜ್ಜೆ ಬೆಳಕು. ನಮ್ಮ ದೀಪ ಕೊಡುತ್ತಿದ್ದದ್ದು ಬೇಲೆ, ಗಾಳಿಮರ, ಅದರಾಚೆ ಅಲೆಯ ನೊರೆ, ಎಲ್ಲವನ್ನೂ. ಕಳ್ಳ ಬಂದರೆ ಅಡಗಲು ಪಾಗಾರದ ನೆರಳು ಮಾತ್ರ ಹಾಗೇ ಉಳಿದಿತ್ತು, ಎದುರಿನ ಝಗಝಗದಲ್ಲಿ ಇನ್ನಷ್ಟು ಕಪ್ಪಾಗಿ! ಭಯಕ್ಕೆ ಬೇಕಾದಷ್ಟು ಬೆಳಕು ಬೇರೆ, ಭಯ ಕೇಳಿದಷ್ಟು ಬೆಳಕು ಬೇರೆ. ಭಯ ಎಷ್ಟು ಕೊಟ್ಟರೂ ಸಾಕು ಎನ್ನುವುದಿಲ್ಲ. ಕೊನೆಗೆ ಫ್ಲಡ್‌ಲೈಟು ಇಳಿಸಿ, ಬಚ್ಚಲಿನ ಗೋಡೆಗೆ ತಗ್ಗಿನಲ್ಲಿ ಒಂದು ಸಣ್ಣ ಹಳದಿ ಕೆಂಪು ದೀಪ ಹಾಕಿಸಿದೆವು. ಬಿಳಿ ನೀಲಿ ಬೆಳಕಿನಷ್ಟು ಆ ಬಣ್ಣ ಆಮೆಗಳನ್ನು ಸೆಳೆಯುವುದಿಲ್ಲ. ಮೇಲೆ ತಗಡಿನ ಟೋಪಿ. ಯಾರಾದರೂ ಹತ್ತಿರ ಬಂದರೆ ಮಾತ್ರ ಹೊತ್ತಿಕೊಳ್ಳುತ್ತದೆ. ಮಗನಿಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. "ಆಮೆಗೋಸ್ಕರ ಅಮ್ಮನನ್ನು ಕತ್ತಲಲ್ಲಿ ಬಿಟ್ರಾ?" ಎಂದು ಫೋನಿನಲ್ಲಿ ಕೇಳಿದ. ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ತಿಳಿಯಲಿಲ್ಲ.

ಧರ್ಮಕೇಂದ್ರದಲ್ಲಿ ಮಾತೆತ್ತಿದಾಗ ಇನ್ನೂ ಕಷ್ಟವಾಯಿತು. ನಮ್ಮ ಗ್ರೊಟ್ಟೊ ಕಡಲಿಗೆ ಮುಖ ಮಾಡಿದೆ. ಭಕ್ತರೊಬ್ಬರು ಹರಕೆಗೆಂದು ಹಾಕಿಸಿದ ದೊಡ್ಡ ದೀಪಗಳು ರಾತ್ರಿಯಿಡೀ ಉರಿಯುತ್ತವೆ. ಪಾಲನಾ ಮಂಡಳಿಯ ಸಭೆಯಲ್ಲಿ ನಾನು ಆಮೆಯ ವಿಷಯ ಹೇಳಿ, ಡಿಸೆಂಬರಿನಿಂದ ಮಾರ್ಚ್‌ವರೆಗಾದರೂ ರಾತ್ರಿ ಒಂಬತ್ತರ ಮೇಲೆ ದೊಡ್ಡ ದೀಪ ಆರಿಸೋಣವೇ ಎಂದು ಕೇಳಿದೆ. ಹಿರಿಯರೊಬ್ಬರು ಎದ್ದು, "ಮಾತೆಯನ್ನು ಕತ್ತಲಲ್ಲಿ ಕೂರಿಸುವುದಾ ಮಾಸ್ಟ್ರೇ?" ಎಂದರು. ಅವರ ಕಣ್ಣಲ್ಲಿ ನೋವಿತ್ತು. ಹರಕೆ ಅವರ ಮನೆಯದಲ್ಲ, ಆದರೆ ಅವರ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಅವರು ರಾತ್ರಿಯೆಲ್ಲ ಜಪಸರ ಹಿಡಿದು ಕುಳಿತದ್ದು ಆ ದೀಪದ ಕೆಳಗೇ. ಅಂಥವರಿಗೆ ವಾದ ಹೂಡಿ ಗೆಲ್ಲಬೇಕೆಂದು ನನಗೆ ಅನ್ನಿಸಲಿಲ್ಲ. ಪಾಸ್ಖ ಜಾಗರಣೆಯ ರಾತ್ರಿಯನ್ನು ಮಾತ್ರ ನೆನಪಿಸಿದೆ. ಅಂದು ನಾವು ದೇವಾಲಯದ ದೀಪಗಳನ್ನೆಲ್ಲ ಬೇಕೆಂದೇ ಆರಿಸುತ್ತೇವೆ. ಹೊಸ ಬೆಂಕಿಯಿಂದ ಹೊತ್ತಿಸಿದ ಒಂದೇ ಒಂದು ಮೋಂಬತ್ತಿ ಬಾಗಿಲಿನಿಂದ ಒಳಗೆ ಬರುವಾಗ ಇಡೀ ಜನಸ್ತೋಮ ಅದನ್ನೇ ನೋಡುತ್ತದೆ. ಟ್ಯೂಬ್‌ಲೈಟು ಹಾಕಿಟ್ಟು ಆ ಮೋಂಬತ್ತಿ ತಂದರೆ ಯಾರು ನೋಡುತ್ತಾರೆ? ಗ್ರೊಟ್ಟೊದಲ್ಲಿ ಒಂದು ಎಣ್ಣೆಯ ದೀಪ ರಾತ್ರಿಯಿಡೀ ಇರಲಿ ಎಂದೆ. ಹಿರಿಯರು ಏನೂ ಹೇಳದೆ ಕುಳಿತರು. ಸ್ವಾಮಿಗಳು ಮುಂದಿನ ಸಭೆಗೆ ಇಡೋಣ ಎಂದರು. ಎರಡು ಸಭೆ ಕಳೆದಿದೆ, ಇನ್ನೂ ತೀರ್ಮಾನವಾಗಿಲ್ಲ.

ಈಚೆಗೆ ಒಂದು ರಾತ್ರಿ ವಿದ್ಯುತ್ ಹೋಗಿತ್ತು. ಹೈಮಾಸ್ಟೂ ಇಲ್ಲ, ಗ್ರೊಟ್ಟೊದ ದೀಪವೂ ಇಲ್ಲ. ಹಿಂದಿನ ಮೆಟ್ಟಿಲ ಮೇಲೆ ಇಬ್ಬರೂ ಕುಳಿತೆವು. ಕಣ್ಣು ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಹಿಡಿಯಿತು. ಆಮೇಲೆ ಗಾಳಿಮರದ ಮೇಲೆ ಕೃತ್ತಿಕೆ ಕಂಡಿತು. ತೋರಿಸಿದೆ. ನನ್ನ ಹೆಂಡತಿ ಬೆರಳು ಮಡಚುತ್ತ ಎಣಿಸಿದಳು, ಆರು. "ನನ್ನ ಅಮ್ಮ ಏಳು ಎಣಿಸ್ತಿದ್ದರು" ಎಂದಳು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಿದಳು. ಆಮೇಲೆ, "ಮುಂದಿನ ಬಾಗಿಲಿಗೆ ಚಿಲಕ ಹಾಕಿದ್ದೀರಾ?" ಎಂದು ಕೇಳಿದಳು. ನಾನು ಎದ್ದು ಹೋಗಿ ನೋಡಿ ಬಂದೆ.